ಶಾಸಕರು ನಮ್ಮ ಇಮೇಲ್ ಓದುತ್ತಾರಾ? ಉತ್ತರ ಬರದಿದ್ದರೆ ಸಿಎಂ, ಪಿಎಂ ಎಲ್ಲರಿಗೂ ಸೇರಿಸಿ ಹಾಕಬಹುದಾ?

ಬೇಡ, ದಯವಿಟ್ಟು ಹಾಗೆ ಹಾಕಬೇಡಿ. ನಿಮ್ಮೂರ ಕೆರೆ ಏರಿ ಮೇಲಿನ ರಸ್ತೆ ಕುಸಿಯುತ್ತಿದೆ, ಶಾಸಕರಿಗೆ ಹಾಕಿದ ಇಮೇಲ್‌ಗೆ ಉತ್ತರವಿಲ್ಲ, ಅದಕ್ಕೆ ಈ ಸಲ ಎಲ್ಲರಿಗೂ ಒಟ್ಟಿಗೆ ಕಳಿಸುತ್ತೇನೆ ಅಂತ ಬರೆದಿದ್ದೀರಿ. ನಾನು ಅದನ್ನೇ ಮಾಡಿದ್ದೆ. ನಮ್ಮೂರಿನ ಮಕ್ಕಳು ಅದಕ್ಕೆ ಇನ್ನೊಂದು ಮಳೆಗಾಲ ಕಷ್ಟಪಟ್ಟರು.

ನಮ್ಮದು ಮಲೆನಾಡು. ಊರಿಗೂ ಶಾಲೆಗೂ ನಡುವೆ ಒಂದು ಹಳ್ಳವಿದೆ. ಅದಕ್ಕೆ ಅಡಿಕೆ ಮರ ಹಾಸಿ ಕಟ್ಟಿದ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಮಳೆಗಾಲಕ್ಕೆ ಮುಂಚೆ ಊರವರೇ ಕಟ್ಟುತ್ತಿದ್ದರು, ಜೋರು ಮಳೆ ಹಿಡಿದ ವಾರ ಕೊಚ್ಚಿಹೋಗುತ್ತಿತ್ತು. ಆಮೇಲೆ ಮಕ್ಕಳು ಕಾಡಿನ ದಾರಿ ಸುತ್ತಿಕೊಂಡು ಹೋಗಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಅಣ್ಣನ ಮಗಳು ಹಾಗೆ ಮನೆಯಲ್ಲಿ ಕೂತಿದ್ದಾಳೆ ಅಂತ ಗೊತ್ತಾದಾಗ ನಾನು ಬೆಂಗಳೂರಿನಲ್ಲಿದ್ದೆ. ಸಿಟ್ಟಿನಲ್ಲಿ ಒಂದು ಉದ್ದನೆಯ ಇಮೇಲ್ ಬರೆದೆ.

ಆ ಇಮೇಲ್ ಬಗ್ಗೆ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲ ಕೆಟ್ಟಿದ್ದು ಅಲ್ಲೇ. ಶಾಸಕರು, ಸಂಸದರು, ಉಸ್ತುವಾರಿ ಸಚಿವರು, ಮುಖ್ಯಮಂತ್ರಿ ಕಚೇರಿ, ಜಿಲ್ಲಾಧಿಕಾರಿ, ಜೊತೆಗೆ ಪತ್ರಿಕೆಗಳು, ಎಲ್ಲರ ವಿಳಾಸವನ್ನೂ ಒಂದೇ ಸಾಲಿನಲ್ಲಿ ಹಾಕಿದ್ದೆ. ವಿಷಯ: ‘ನಮ್ಮೂರಿನ ದುಸ್ಥಿತಿ’. ಕಾಲುಸಂಕದಿಂದ ಶುರು ಮಾಡಿ ಕರೆಂಟು, ಮೊಬೈಲ್ ಟವರ್, ರೇಷನ್ ಅಂಗಡಿ ಎಲ್ಲವನ್ನೂ ತುಂಬಿದ್ದೆ. ಹಳ್ಳದ ಹೆಸರೇ ಬರೆದಿರಲಿಲ್ಲ. ಕೆಳಗೆ ಊರಿನ ವಿಳಾಸ ಇರಲಿಲ್ಲ, ನನ್ನ ಬೆಂಗಳೂರು ಆಫೀಸಿನ ವಿಳಾಸ ತಾನಾಗಿಯೇ ಬಂದು ಕೂತಿತ್ತು.

ಉತ್ತರ ಬರಲಿಲ್ಲ. ಓದಿಯೇ ಇಲ್ಲ ಅಂದುಕೊಂಡೆ. ಮುಂದೆ ಊರಿಗೆ ಹೋದಾಗ ಶಾಸಕರ ಆಪ್ತ ಸಹಾಯಕರನ್ನೇ ಕಂಡು ಕೇಳಿದೆ. ಅವರು ಕಂಪ್ಯೂಟರ್‌ನಲ್ಲಿ ಹುಡುಕಿ ತೆಗೆದರು. ಅವತ್ತೇ ಓದಿದ್ದರು! ಮೇಲಿನ ಹೆಸರುಗಳನ್ನು ನೋಡಿ, ಮುಖ್ಯಮಂತ್ರಿ ಕಚೇರಿಗೇ ಹೋಗಿದೆ, ಅಲ್ಲಿಂದ ಕೆಳಗೆ ಬರುತ್ತದೆ ಅಂದುಕೊಂಡರಂತೆ. ವಿಳಾಸ ನೋಡಿ, ಇವರು ನಮ್ಮ ಕ್ಷೇತ್ರದವರಲ್ಲ ಅಂತಲೂ ಅನಿಸಿತಂತೆ. ಇನ್ನು ನಾಲ್ಕು ವಿಷಯ ಅಂದರೆ ನಾಲ್ಕು ಕಡೆಗೆ ಪತ್ರ ಬರೆಯಬೇಕು. ಮೊಬೈಲ್ ಟವರ್ ಅಂತೂ ರಾಜ್ಯ ಸರ್ಕಾರದ ಕೆಲಸವೇ ಅಲ್ಲ. ಇಮೇಲನ್ನು ಪಕ್ಕಕ್ಕಿಟ್ಟರು, ಅದು ಅಲ್ಲೇ ಉಳಿಯಿತು. ಇನ್ನೊಂದು ಕಚೇರಿಯಿಂದ ಅದೇ ಇಮೇಲ್ ಕೆಳಗಿಳಿದು, ಕೊನೆಗೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಬರೆಸಿಕೊಂಡು ಮುಗಿದುಹೋಗಿತ್ತು. ಎಲ್ಲರಿಗೂ ಹೋಗಿದ್ದರಿಂದ ಅದು ಯಾರ ಕೆಲಸವೂ ಆಗಲಿಲ್ಲ.

ನನಗೆ ಈಗಲೂ ಸಂಕಟವಾಗುವ ವಿಷಯ ಬೇರೆ. ಲೋಕೋಪಯೋಗಿ ಇಲಾಖೆಯಲ್ಲಿ ಕಾಲುಸಂಕಗಳಿಗೆಂದೇ ‘ಶಾಲಾ ಸಂಪರ್ಕ ಸೇತು’ ಅನ್ನುವ ಯೋಜನೆ ಇತ್ತು. ನಾನು ಇಮೇಲ್ ಹಾಕಿದ ಹೊತ್ತಿನಲ್ಲೇ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಮಾಡುತ್ತಿದ್ದರಂತೆ. ಹಳ್ಳದ ಹೆಸರು, ಶಾಲೆಯ ಹೆಸರು ಬರೆದಿದ್ದರೆ ಅದೇ ಪಟ್ಟಿಗೆ ಸೇರಿಸುತ್ತಿದ್ದೆ ಅಂದರು ಆಪ್ತ ಸಹಾಯಕರು. ಎರಡು ಹೆಸರು ಬರೆಯುವ ಕೆಲಸ ಅಷ್ಟೇ.

ಹಾಗಾಗಿ ‘ಓದುತ್ತಾರಾ’ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಶಾಸಕರು ಸ್ವತಃ ಓದಬೇಕಾಗಿಯೇ ಇಲ್ಲ. ನಿಮಗೆ ಬೇಕಿರುವುದು ಅವರ ಲೆಟರ್‌ಹೆಡ್‌ನಲ್ಲಿ ಸಂಬಂಧಪಟ್ಟ ಇಂಜಿನಿಯರ್‌ಗೆ ಒಂದು ಪತ್ರ. ಆ ಪತ್ರ ಇಲಾಖೆಯಲ್ಲಿ ಬಂದ ಕಾಗದ ದಾಖಲಿಸುವ ಟಪಾಲು ವಿಭಾಗಕ್ಕೆ ಹೋಗಿ ನಂಬರ್ ಬಿದ್ದರೆ, ಅದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕು. ನಿಮ್ಮ ಇಮೇಲ್ ನೋಡಿದ ಸಹಾಯಕರು ಆ ಪತ್ರವನ್ನು ಯೋಚನೆಯಿಲ್ಲದೆ ಟೈಪ್ ಮಾಡುವಂತಿರಬೇಕು. ಯಾವ ಊರು, ಏನಾಗಿದೆ, ಯಾವ ಅಧಿಕಾರಿಗೆ ಬರೆಯಬೇಕು, ಅಷ್ಟೇ.

ಎರಡನೇ ಸಲ ನಾವು ಹಾಗೇ ಮಾಡಿದೆವು. ಒಂದೇ ಪುಟ, ಒಂದೇ ವಿಷಯ, ಶಾಸಕರೊಬ್ಬರಿಗೇ. ಹಳ್ಳ ದಾಟುವ ಮಕ್ಕಳ ಹೆಸರು, ತರಗತಿ, ತಂದೆತಾಯಿಯರ ಸಹಿ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಪತ್ರ ಜೊತೆಗಿಟ್ಟೆವು. ಇಮೇಲ್ ಹಾಕಿದ ಮರುದಿನ ನಾನು ಆಪ್ತ ಸಹಾಯಕರಿಗೆ ಫೋನ್ ಮಾಡಿದೆ. ಅದೇ ಕಾಗದವನ್ನು ಅಣ್ಣ ಬೆಳಿಗ್ಗೆ ಶಾಸಕರ ಮನೆಗೆ ಹೋಗಿ ಕೈಯಲ್ಲೇ ಕೊಟ್ಟ. ಇಂಜಿನಿಯರ್‌ಗೆ ಹೋದ ಪತ್ರದ ಪ್ರತಿ ಕೇಳಿ ಇಸಿದುಕೊಂಡ. ಆಮೇಲೆ ಸದ್ದಿಲ್ಲದಾಗ ಹತ್ತು ರೂಪಾಯಿ ಶುಲ್ಕ ಕಟ್ಟಿ, ಈ ಪತ್ರದ ಮೇಲೆ ಏನು ಕ್ರಮವಾಯಿತು ಅಂತ ಆ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. 30 ದಿನದಲ್ಲಿ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯೇ ಹೇಳುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಆ ಅರ್ಜಿಯೂ ಒಂದೇ ವಿಷಯದ ಮೇಲೆ, ಸುಮಾರು 150 ಪದದೊಳಗೆ ಇರಬೇಕು. ಸಂಕ ಆಯಿತು, ಕಾಂಕ್ರೀಟಿನದ್ದೇ.

ಹೊರದೇಶಗಳಲ್ಲಿ ಎಲ್ಲರಿಗೂ ಉತ್ತರ ಬರುತ್ತದೆ, ನಮ್ಮವರಿಗೆ ಕಾಳಜಿ ಇಲ್ಲ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಸಂಸದರ ಕಚೇರಿ ಮೊದಲು ಕೇಳುವುದೇ ನಿಮ್ಮ ಮನೆ ವಿಳಾಸ. ಬೇರೆ ಕ್ಷೇತ್ರದವರಾದರೆ ಅವರ ಸಂಸದರ ಹತ್ತಿರ ಹೋಗಿ ಅನ್ನುತ್ತಾರೆ. ಅಮೆರಿಕದ ಕೆಳಮನೆಯ ಸದಸ್ಯರೊಬ್ಬರು 18 ಜನ ಕಾಯಂ ಸಿಬ್ಬಂದಿ ಇಟ್ಟುಕೊಳ್ಳಬಹುದು. ಅಲ್ಲೂ ಉತ್ತರ ಬರೆಯುವವರು ಈ ಸಿಬ್ಬಂದಿಯೇ. ನಮ್ಮ ಕರ್ನಾಟಕದಲ್ಲಿ 2011ರ ಜನಗಣತಿ ಹಿಡಿದರೂ ಒಬ್ಬ ಶಾಸಕರಿಗೆ ಸರಾಸರಿ 2.7 ಲಕ್ಷ ಜನ, ಒಬ್ಬ ಲೋಕಸಭಾ ಸದಸ್ಯರಿಗೆ ಸುಮಾರು 22 ಲಕ್ಷ. ನಾನು ಹೋದ ದಿನ ಇಡೀ ಕಚೇರಿಯ ಫೋನು, ಇಮೇಲು, ಬಾಗಿಲಲ್ಲಿ ನಿಂತ ಜನ ಎಲ್ಲವನ್ನೂ ಅದೇ ಆಪ್ತ ಸಹಾಯಕರು ನೋಡುತ್ತಿದ್ದರು. ಮದುವೆ ಕರೆಯೋಲೆ, ಆಸ್ಪತ್ರೆ ಖರ್ಚಿನ ಅರ್ಜಿ, ವರ್ಗಾವಣೆ ಶಿಫಾರಸು ಎಲ್ಲ ಅವರ ಮೇಜಿನ ಮೇಲೇ. ಜನಕ್ಕೆ ಉತ್ತರ ಕೊಡಲು ಸಿಬ್ಬಂದಿ ಕೊಡಿ ಅಂತ ನಾವು ಕೇಳಬೇಕು. ಅದನ್ನು ಯಾರೂ ಕೇಳುವುದಿಲ್ಲ, ಸುಮ್ನೆ ಬೈಯುತ್ತೇವೆ.

ಸಂಸದರಿಗೆ ಬರೆಯಬಾರದು ಅಂತಲ್ಲ. ಅವರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ, ಶಾಸಕರದ್ದು 2 ಕೋಟಿ. ಎರಡರಲ್ಲೂ ಅವರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದ್ದು. ಆದರೆ ಶಾಸಕರಿಂದ ಆಗಲ್ಲ ಅಂತ ಖಚಿತವಾದ ಮೇಲೆ ಬೇರೆಯಾಗಿ ಬರೆಯಿರಿ.

ಈಗ ನಿಮ್ಮ ಕೆರೆ. ಅದು ಯಾರದ್ದು ಅಂತ ಮೊದಲು ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಸಾಮಾನ್ಯವಾಗಿ ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ ಬರುತ್ತದೆ, ಕಡಿಮೆ ಇದ್ದರೆ ಪಂಚಾಯತ್ ಕಡೆಗೆ. ಏರಿ ಮೇಲಿನ ರಸ್ತೆ ಇನ್ನೊಂದು ಇಲಾಖೆಯದ್ದಾಗಿರಬಹುದು, ಅದನ್ನೂ ಕೇಳಿಕೊಳ್ಳಿ. ಇಷ್ಟು ತಿಳಿಯದೆ ಇಮೇಲ್ ಬರೆಯಬೇಡಿ. ಆದರೆ ಕುಸಿದಿರುವುದು ಬರೀ ರಸ್ತೆಯಲ್ಲ, ಏರಿಯಲ್ಲೇ ಬಿರುಕಿದೆ ಅಥವಾ ನೀರು ಜಿನುಗುತ್ತಿದೆ ಅಂತಾದರೆ ಈ ಯಾವುದಕ್ಕೂ ಕಾಯಬೇಡಿ. ಇವತ್ತೇ ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ, ಜಿಲ್ಲೆಯ ತುರ್ತು ಸಹಾಯವಾಣಿ 1077ಕ್ಕೂ ಮಾಡಿ, ಕೆಳಗಿನ ಮನೆಗಳವರಿಗೆ ಹೇಳಿ.