ಪ್ರಾಥಮಿಕ ಶಾಲೆಯ ಶಿಕ್ಷಕರು ಒಟ್ಟಾಗಿ ಕುಳಿತು ಪಾಠ ಯೋಜಿಸುವುದರಿಂದ ನಿಜವಾಗಿ ಏನು ಪ್ರಯೋಜನ?

ಮಗು ಎಡವಿದ್ದಕ್ಕೆ ಕಾರಣ ಮಗುವೋ ಪಾಠದ ಕ್ರಮವೋ ಎಂಬುದು ತಿಳಿಯುತ್ತದೆ; ಮುಖ್ಯ ಪ್ರಯೋಜನ ಇದೇ. ಒಬ್ಬರೇ ಶಿಕ್ಷಕರಿಗೆ ಕಾಣುವುದು ತಮ್ಮ ತರಗತಿ ಮಾತ್ರ, ಆದ್ದರಿಂದ ತಪ್ಪನ್ನು ಮಗುವಿನ ಮೇಲೆ ಹೊರಿಸುವುದು ಸುಲಭ. ಆದರೆ ನಾಲ್ಕಾರು ಶಾಲೆಗಳ ಮಕ್ಕಳು ಒಂದೇ ಹಂತದಲ್ಲಿ ತಡವರಿಸುತ್ತಿದ್ದಾರೆಂದು ಗೊತ್ತಾದಾಗ, ಬದಲಾಗಬೇಕಾದದ್ದು ಪಾಠ ಎಂಬುದು ಸ್ಪಷ್ಟವಾಗುತ್ತದೆ.

ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಕರ್ನಾಟಕದ ನಲಿಕಲಿ ಪದ್ಧತಿ ಇದಕ್ಕೆ ಒಳ್ಳೆಯ ನಿದರ್ಶನ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ, ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಕಾರ್ಡುಗಳನ್ನು ಸೇರಿ ರೂಪಿಸಿದರು. ನಲಿಕಲಿಯಲ್ಲಿ ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಹಳಬರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಇಷ್ಟೇ ಅಕ್ಷರಗಳಿಂದ ಮಗು ಸರ, ಅರಸ, ಗರಗಸ ಎಂಬ ಅರ್ಥವುಳ್ಳ ಪದಗಳನ್ನು ಓದಬಲ್ಲದು, ವರ್ಣಮಾಲೆಯ ನಲವತ್ತೊಂಬತ್ತು ಅಕ್ಷರಗಳು ಮುಗಿಯುವವರೆಗೆ ಕಾಯಬೇಕಿಲ್ಲ.

ಒಂದು ಷರತ್ತಿದೆ: ಸಭೆ ಸುತ್ತೋಲೆ ಓದಿ ಅಂಕಿಅಂಶ ಒಪ್ಪಿಸುವುದಕ್ಕೇ ಮುಗಿದುಹೋದರೆ ಅದು ಯೋಜನೆಯಲ್ಲ. ಮಕ್ಕಳ ನೋಟ್‌ಪುಸ್ತಕಗಳು ಮೇಜಿನ ಮೇಲಿರಬೇಕು.