ಡಾರ್ವಿನ್ ಓದಿದ ಮೇಲೆ ವ್ಯಾಲೇಸ್‌ನನ್ನೂ ಓದಬೇಕೇ?

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಯೋಜನೆಗೆ ಕಾಡಿಗೆ ಹೊರಟಿದ್ದೀರಿ, ಡಾರ್ವಿನ್‌ನಂತೆಯೇ ನಿಸರ್ಗದ ಆಯ್ಕೆಯ ವಿಚಾರವನ್ನು ತಾನಾಗಿ ಕಂಡುಕೊಂಡರೂ ವಿಕಾಸವಾದದ ‘ಎರಡನೆಯವ’ ಎನಿಸಿಕೊಂಡ ವ್ಯಾಲೇಸ್‌ಗೆ ಸಮಯ ಕೊಡಬೇಕೇ ಎಂದು ಕೇಳಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿ ಅವನನ್ನು ಬದಿಗಿಟ್ಟಿದ್ದೆ.

ನನ್ನದು ಸಗಣಿ ಜೀರುಂಡೆಗಳ ಅಧ್ಯಯನ. ಶರಾವತಿ ಹಿನ್ನೀರಿನ ಎರಡೂ ದಡಗಳಲ್ಲಿ ಪ್ಲಾಸ್ಟಿಕ್ ಲೋಟ ಹೂತು, ಮೇಲೆ ಸಗಣಿಯ ಪೊಟ್ಟಣ ಕಟ್ಟಿ ಹುಳ ಹಿಡಿಯುತ್ತಿದ್ದೆ. ಜಿಗಣೆ, ಮಳೆ, ಕೊನೆಯ ಬಸ್ಸಿನ ಅವಸರ. ಎರಡೂ ದಡದ ಹುಳಗಳನ್ನು ಒಂದೇ ಬಾಟಲಿಗೆ ಸುರಿದು, ‘ಶರಾವತಿ ಕಣಿವೆ’ ಎಂದು ಚೀಟಿ ಅಂಟಿಸಿ ತಾರೀಖು ಹಾಕುತ್ತಿದ್ದೆ. ಪ್ರಭೇದ ಗುರುತಿಸಿದರೆ ಕೆಲಸ ಮುಗಿಯಿತು, ಜಾಗ ಯಾವುದಾದರೇನು ಎಂಬ ಧೋರಣೆ. ಪಿನ್ನು ಚುಚ್ಚಿ ಸಾಲಾಗಿ ಜೋಡಿಸಿ ತೋರಿಸಿದಾಗ ಮಾರ್ಗದರ್ಶಕರು ಕೊಂಬಿನ ಒಂದು ಜೀರುಂಡೆಯತ್ತ ಬೆರಳು ಮಾಡಿ, “ಇದು ಯಾವ ದಡದ್ದು?” ಎಂದರು. ಕಾಲು, ಕೊಂಬು, ರೆಕ್ಕೆಯ ಗೀರು ಎಲ್ಲವೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಹುಳ ಎಲ್ಲಿ ಸಿಕ್ಕಿತೆಂಬುದು ಮಾತ್ರ ಯಾವ ಮಸೂರಕ್ಕೂ ಕಾಣುವುದಿಲ್ಲ. ನೀರು ದಾಟದ ಪ್ರಭೇದ ಯಾವುದಾದರೂ ಇದೆಯೇ ಎಂಬ ಪ್ರಶ್ನೆಯನ್ನು ಕೇಳುವ ದಾರಿಯನ್ನೇ ನಾನು ಮುಚ್ಚಿದ್ದೆ. ಪ್ರಬಂಧದಲ್ಲಿ ಉಳಿದದ್ದು ಬರೀ ಹೆಸರಿನ ಪಟ್ಟಿ.

ಈ ಪಾಠ 1852ರಲ್ಲೇ ಅಚ್ಚುಕಟ್ಟಾಗಿ ಹೇಳಲ್ಪಟ್ಟಿತ್ತು. ಅಮೆಜಾನ್‌ನಿಂದ ಮರಳುವಾಗ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್‌ನ ಹಡಗಿಗೆ ನಡುಸಮುದ್ರದಲ್ಲಿ ಬೆಂಕಿ ಬಿದ್ದು, ಜೊತೆಯಲ್ಲಿದ್ದ ಸಂಗ್ರಹ ಸುಟ್ಟುಹೋಯಿತು. ಅದೇ ಡಿಸೆಂಬರಿನಲ್ಲಿ ಅವನು ಲಂಡನ್ನಿನಲ್ಲಿ ಅಮೆಜಾನ್ ಕೋತಿಗಳ ಬಗ್ಗೆ ಲೇಖನ ಮಂಡಿಸಿದ: ದೊಡ್ಡ ನದಿಗಳು ಕೆಲವು ಪ್ರಭೇದಗಳಿಗೆ ಗಡಿಯಾಗುತ್ತವೆ, ಸಂಗ್ರಾಹಕರು ‘ಬ್ರೆಜಿಲ್’, ‘ಪೆರು’ ಎಂದಷ್ಟೇ ಬರೆದರೆ ನದಿಯ ಯಾವ ಕಡೆಯದೆಂದು ತಿಳಿಯುವುದು ಹೇಗೆ? ಅವನ ಕೋತಿಗಳು ಬೂದಿಯಾದರೂ ಜಾಗಗಳು ಉಳಿದಿದ್ದವು. ನನ್ನ ಜೀರುಂಡೆಗಳು ಇಂದಿಗೂ ಪೆಟ್ಟಿಗೆಯಲ್ಲಿ ಭದ್ರವಾಗಿವೆ, ಜಾಗವಿಲ್ಲ.

1854ರಿಂದ 1862ರವರೆಗೆ ಮಲಯ ದ್ವೀಪಸ್ತೋಮದಲ್ಲಿ (ಇಂದಿನ ಇಂಡೊನೇಷ್ಯಾ, ಮಲೇಷ್ಯಾ ಸುತ್ತಿನ ದ್ವೀಪಗಳು) ಅಲೆದು ಅವನು ಒಂದೂಕಾಲು ಲಕ್ಷಕ್ಕೂ ಹೆಚ್ಚು ಮಾದರಿ ಕೂಡಿಹಾಕಿದ. ಕೀಟಗಳ ಪಿನ್ನಿಗೆ ದ್ವೀಪದ ಹೆಸರಿನ ಪುಟ್ಟ ದುಂಡು ಚೀಟಿ ಚುಚ್ಚಿರುತ್ತಿತ್ತು. 1856ರಲ್ಲಿ ಮಕಾಸರ್ ಬಂದರಿಗೆ ನೇರ ಹಡಗು ಸಿಗದೆ ಬಾಲಿಯಲ್ಲಿಳಿದು ಪಕ್ಕದ ಲೊಂಬೊಕ್ ದ್ವೀಪಕ್ಕೆ ದಾಟಿದಾಗ, ಬಾಲಿಯ ಮರಕುಟಿಗ, ಕುಟ್ರುಹಕ್ಕಿಗಳು ಮಾಯವಾಗಿ, ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಗಿಳಿಗಳು ಎದುರಾದವು. ನಡುವೆ ಕಿರಿದಾದ, ಆದರೆ ಬಹಳ ಆಳದ ಜಲಸಂಧಿ. ಏಷ್ಯಾದ ಪ್ರಾಣಿಗಳನ್ನೂ ಆಸ್ಟ್ರೇಲಿಯಾ ಕಡೆಯವನ್ನೂ ಬೇರ್ಪಡಿಸುವ ಗಡಿಯಾದ ಇಂದಿನ ‘ವ್ಯಾಲೇಸ್ ರೇಖೆ’ ಹುಟ್ಟಿದ್ದು ಇಂಥ ಗಮನದಿಂದ. ಡಾರ್ವಿನ್ ಗಲಪಗೋಸ್‌ನ ಫಿಂಚ್ ಹಕ್ಕಿಗಳನ್ನು ದ್ವೀಪವಾರು ಗುರುತಿಸಿಡದೆ, ಆಮೇಲೆ ಹಡಗಿನ ಸಂಗಡಿಗರ ಸಂಗ್ರಹವನ್ನು ಆಶ್ರಯಿಸಬೇಕಾಯಿತು.

ಹಾಗಾಗಿ ‘ಮೊದಲನೆಯವ, ಎರಡನೆಯವ’ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. 1858ರಲ್ಲಿ ನಿಸರ್ಗದ ಆಯ್ಕೆಯ ಬಗೆಗಿನ ಇಬ್ಬರ ಬರಹಗಳನ್ನೂ ಲಂಡನ್ನಿನ ಜೀವವಿಜ್ಞಾನಿಗಳ ಸಂಘವಾದ ಲಿನ್ನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಹೆಸರೆಲ್ಲ ಡಾರ್ವಿನ್‌ಗೆ ಹೋಗಿ ವ್ಯಾಲೇಸ್‌ಗೆ ಮೋಸವಾಯಿತೆಂದು ಮರುಗುವವರೂ ಇದ್ದಾರೆ. ಅವನೋ ತನ್ನ ‘ದಿ ಮಲಯ್ ಆರ್ಕಿಪೆಲಾಗೊ’ವನ್ನು ಡಾರ್ವಿನ್‌ಗೇ ಅರ್ಪಿಸಿದ, 1889ರ ಪುಸ್ತಕಕ್ಕೆ ‘ಡಾರ್ವಿನಿಸಂ’ ಎಂದೇ ಹೆಸರಿಟ್ಟ. ಆ ಜಗಳದ ಪುಸ್ತಕಗಳಿಗೆ ನಿಮ್ಮ ಹೊತ್ತು ಕೊಡಬೇಡಿ.

ಕಾಡಿಗೆ ಹೋಗುವ ಮುನ್ನ ಆ ಕೋತಿಗಳ ಲೇಖನ ಓದಿ, ಕೆಲವೇ ಪುಟಗಳದ್ದು. ಆಮೇಲೆ ‘ಮಲಯ್ ಆರ್ಕಿಪೆಲಾಗೊ’ದ ಬಾಲಿ, ಲೊಂಬೊಕ್ ಅಧ್ಯಾಯಗಳು. ಅವನ ಇನ್ನೊಂದು ಪುಸ್ತಕ ‘ಐಲ್ಯಾಂಡ್ ಲೈಫ್’ ಅನ್ನು ನಿಮ್ಮ ಯೋಜನೆ ಮುಗಿದ ಮೇಲೆ ಓದಿದರೆ ಸಾಕು. ಮನುಷ್ಯನ ಮನಸ್ಸಿಗೆ ನಿಸರ್ಗದ ಆಯ್ಕೆ ಸಾಲದೆಂದು ಪ್ರೇತವಾದದತ್ತ (ಸತ್ತವರ ಆತ್ಮಗಳೊಡನೆ ಮಾತಾಡಬಹುದೆಂಬ ನಂಬಿಕೆ) ವಾಲಿದ ಬರಹಗಳನ್ನು ಸದ್ಯಕ್ಕೆ ಬಿಡಿ, ಅಲ್ಲಿ ನಾನು ಅವನ ಜೊತೆಗಿಲ್ಲ. ಎರಡು ದಡಕ್ಕೆ ಎರಡು ಬಾಟಲಿ ಒಯ್ಯಿರಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಒಳಗೇ ಹಾಕಿ, ಹುಳ ಕೆಡದಂತೆ ಬಾಟಲಿಗೆ ಹಾಕುವ ಆಲ್ಕೋಹಾಲಿನಲ್ಲಿ ಪೆನ್ನಿನ ಶಾಯಿ ಕರಗಿಹೋಗುತ್ತದೆ.