ಆರ್‌ಒ ಘಟಕ ಬಿಡುವ ನೀರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕಿನ 200 ಮನೆಗಳ ಹಳ್ಳಿ. ಬೋರಿನ ನೀರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ಫ್ಲೋರೈಡ್ ಇದೆ. ನೀರು ನಿರ್ವಹಣೆಯ ಕಂಪನಿಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಗಂಟೆಗೆ 1,000 ಲೀಟರಿನ ಆರ್‌ಒ (ಒತ್ತಡದಿಂದ ನೀರು ಸೋಸುವ) ಘಟಕ ಹಾಕಿಕೊಡುತ್ತೇವೆ, ವೇಸ್ಟ್ ನೀರನ್ನು ಇಂಗುಗುಂಡಿಗೆ ಬಿಟ್ಟು ಅಂತರ್ಜಲ ಹೆಚ್ಚಿಸುತ್ತೇವೆ ಎನ್ನುತ್ತಿದೆ. ಒಪ್ಪಬಹುದೇ?
– ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು

ಉತ್ತರ: ಘಟಕಕ್ಕೆ ಒಪ್ಪಿ, ಇಂಗುಗುಂಡಿಗೆ ಖಂಡಿತ ಬೇಡ. ಆರ್‌ಒ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಒಂದು ಕಡೆ ಕೂಡಿಹಾಕುತ್ತದೆ. 2,000 ಲೀಟರ್ ಒಳಗೆ ಹೋಗಿ 1,000 ಲೀಟರ್ ಶುದ್ಧವಾಗಿ ಬಂದರೆ, ಉಳಿದ 1,000 ಲೀಟರಿನಲ್ಲಿ ಉಪ್ಪೂ ಫ್ಲೋರೈಡೂ ಹೆಚ್ಚುಕಡಿಮೆ ಎರಡರಷ್ಟು. ನಿಮ್ಮ 3 ಮಿ.ಗ್ರಾಂ ಅಲ್ಲಿ 6ರ ಹತ್ತಿರ ಹೋಗುತ್ತದೆ. ಅದನ್ನು ಇಂಗಿಸಿದರೆ ಮತ್ತೆ ನಿಮ್ಮ ಬೋರಿಗೇ ಬರುತ್ತದೆ. ದನದ ದೋಣಿಗೂ ಬಿಡಬೇಡಿ, ದನಗಳ ಎಲುಬಿಗೂ ಫ್ಲೋರೈಡ್ ಹತ್ತುತ್ತದೆ. ತೋಟಕ್ಕೆ ಹಾಯಿಸಿದರೆ ನೀರು ಬಸಿಯದ ಎರೆಮಣ್ಣಿನಲ್ಲಿ ಉಪ್ಪು ನಿಲ್ಲುತ್ತದೆ.

ಮೊದಲು ಆ ನೀರನ್ನೇ ಕಡಿಮೆ ಮಾಡಬೇಕು. ಮನೆಗೆ ದಿನಕ್ಕೆ 20 ಲೀಟರ್, ಕುಡಿಯಲು ಮತ್ತು ಅಡುಗೆಗೆ ಮಾತ್ರ ಎಂದರೆ ಒಟ್ಟು 4,000 ಲೀಟರ್, ಯಂತ್ರ ನಾಲ್ಕು ತಾಸು ಓಡಿದರೆ ಸಾಕು. ತುಂಗಭದ್ರೆಯ ನಳ ನೀರು ಬರುವ ದಿನ ಯಂತ್ರ ಓಡಿಸುವುದೇ ಬೇಡ. ಹೊರಬಂದ ನೀರನ್ನು ಬೇರೆ ಟ್ಯಾಂಕಿಗೆ ತುಂಬಿಸಿ, ಬೇರೆ ಪೈಪಿನಲ್ಲಿ ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯಲು ಕೊಡಿ. ಆರ್‌ಸಿಸಿ ಕಾಂಕ್ರೀಟಿಗೆ ಬೇಡ, ಕ್ಲೋರೈಡ್ ಹೆಚ್ಚಿದ್ದರೆ ಸರಳು ತುಕ್ಕು ಹಿಡಿಯುತ್ತದೆ. ಮಿಕ್ಕಿದ್ದಕ್ಕೆ ತಾಡಪಾಲು ಹಾಸಿದ, ಆಳ ಕಡಿಮೆಯ ಹೊಂಡ ಮಾಡಿ ಒಣಗಿಸಬೇಕು. ಚದರ ಮೀಟರಿನಿಂದ ದಿನಕ್ಕೆ 5 ಲೀಟರ್ ಆರುತ್ತದೆ ಎಂದು ಹಿಡಿದರೂ 1,000 ಲೀಟರಿಗೆ 200 ಚದರ ಮೀಟರ್ ಜಾಗ ಬೇಕು, ಮಳೆಗಾಲದಲ್ಲಿ ಅದೂ ನಡೆಯದು. ಈ ಜಾಗವನ್ನು ನಕ್ಷೆಯಲ್ಲಿ ತೋರಿಸದ ಕಂಪನಿಯ ಪರಿಸರ ಕಾಳಜಿಯನ್ನು ನಂಬಬೇಡಿ.

ಇನ್ನು ನಿರ್ವಹಣೆ. ಸಿಎಸ್‌ಆರ್ ನಿಯಮದಲ್ಲಿ ಮುಂದುವರಿಯುವ ಯೋಜನೆಗೆ ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ 3 ವರ್ಷ. ಮೆಂಬ್ರೇನ್ (ಯಂತ್ರದೊಳಗಿನ ಸೋಸುವ ಪೊರೆ) ಬಾಳುವುದೂ ಸಾಮಾನ್ಯವಾಗಿ ಎರಡು ಮೂರು ವರ್ಷ. ಕಂಪನಿ ಹೊರಡುವ ಹೊತ್ತಿಗೇ ದೊಡ್ಡ ಖರ್ಚು ಪಂಚಾಯಿತಿಯ ತಲೆಗೆ ಬರುತ್ತದೆ. ಬೀಗ ಬಿದ್ದ ಘಟಕಗಳ ಹಿಂದೆ ಹೆಚ್ಚಾಗಿ ಇದೇ ಕಾರಣ ಇರುತ್ತದೆ. ಬಿಟ್ಟು ಹೋಗುವಾಗ ಹೊಸ ಮೆಂಬ್ರೇನ್ ಹಾಕಿಕೊಡಬೇಕು, ಕರೆಂಟ್ ಬಿಲ್ಲು ಯಾರದು, ಆಪರೇಟರ್ ಪಗಾರ ಯಾರದು ಎಂಬುದೆಲ್ಲ ಕರಾರಿನಲ್ಲಿ ಬರಲಿ. ಕೊಡಕ್ಕೆ ತೆಗೆದುಕೊಳ್ಳುವ ದುಡ್ಡಿನಲ್ಲಿ ಒಂದು ಪಾಲನ್ನು ಮೊದಲ ತಿಂಗಳಿನಿಂದಲೇ ಬೇರೆ ಖಾತೆಗೆ ಹಾಕಿ. ಸ್ಕೇಲ್ ಕಟ್ಟದಂತೆ ಹಾಕುವ ಔಷಧಿ ತಪ್ಪಿಸಿದರೆ ಮೆಂಬ್ರೇನ್ ಮೇಲೆ ಸುಣ್ಣ ಕೂತು ಕೆಲವೇ ತಿಂಗಳಲ್ಲಿ ಉತ್ಪಾದನೆ ಕುಸಿಯುತ್ತದೆ.

ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ. ತಿಂಗಳಿಗೊಮ್ಮೆ ಫ್ಲೋರೈಡನ್ನೇ ಬೇರೆಯಾಗಿ ಪರೀಕ್ಷಿಸಿ, ಫಲಿತಾಂಶವನ್ನು ಘಟಕದ ಬಾಗಿಲಿಗೇ ಬರೆಯಿಸಿ. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5.

ಪ್ರಶ್ನೆ: ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಶಾಲೆಗೆ ಬೇರೆ ದಾರಿ ಇದೆಯೇ?
– ಶಿಕ್ಷಕಿಯೊಬ್ಬರು, ರೋಣ

ಉತ್ತರ: ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ಶಾಲೆಗೆ ಮಳೆನೀರೇ ಒಳ್ಳೆಯದು, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ಚಾವಣಿಗೆ 600 ಮಿ.ಮೀ. ಮಳೆ ಬಿದ್ದು, ಐದರಲ್ಲಿ ನಾಲ್ಕು ಪಾಲು ಸಿಕ್ಕರೂ 48,000 ಲೀಟರ್. ನೂರು ಮಕ್ಕಳಿಗೆ ದಿನಕ್ಕೆ ಎರಡೆರಡು ಲೀಟರಿನಂತೆ, ಮಳೆ ಇಲ್ಲದ 120 ಶಾಲಾ ದಿನಕ್ಕೆ ಬೇಕಾದದ್ದು 24,000. ಹಾಗಾಗಿ 25,000 ಲೀಟರಿನ, ಬೆಳಕು ಬೀಳದ, ಸೊಳ್ಳೆ ಜಾಳಿಗೆ ಇರುವ ಟ್ಯಾಂಕ್ ಸಾಕು. ಪ್ರತಿ ಮಳೆಯ ಮೊದಲ 200 ಲೀಟರ್ ಹೊರಗೆ ಹೋಗಲಿ, ಚಾವಣಿಯ ಧೂಳು ಹಿಕ್ಕೆ ಎಲ್ಲ ಇರುವುದು ಅದರಲ್ಲೇ. ಕುಡಿಸುವ ಮುನ್ನ ಕ್ಲೋರಿನ್ ಹಾಕಿ ಅರ್ಧ ತಾಸು ಬಿಡಿ, ಆಮೇಲೂ ಲೀಟರಿಗೆ 0.2 ಮಿ.ಗ್ರಾಂ ಉಳಿದಿರಬೇಕು.